ಒಂದು ಕಣ್ಣು ತೆರೆದ ಪ್ರಾರ್ಥನೆ

ಮಾರ್ಚ್ 5, ಬುಧವಾರ

ಬೂದಿ ಬುಧವಾರದ ಆರಾಧನೆಯಲ್ಲಿ ಗೋದಾವರಿ ನನ್ನ ಪಕ್ಕದಿಂದ ಎದ್ದು ಹೋಗಿ ಮೂರು ಸಾಲು ಹಿಂದೆ ಕೂತಳು. ಮೂವತ್ತೊಂದು ವರ್ಷದಿಂದ ಆ ಬೆಂಚು ನಮ್ಮಿಬ್ಬರದು. ಕಿಟಕಿಯ ಕಡೆ ಅವಳು, ಪಕ್ಕದಲ್ಲಿ ನಾನು. ಇವತ್ತು ಅಷ್ಟು ದೊಡ್ಡ ಬೆಂಚಿನ ಮೇಲೆ ನಾನೂ ನನ್ನ ಕೈಚೀಲವೂ ಕೂತಿದ್ದೆವು. ಹೈದರಾಬಾದಿನ ನಮ್ಮ ಕನ್ನಡ ಸಭೆಗೆ ಬರುವುದೇ ಅರವತ್ತು ಎಪ್ಪತ್ತು ಜನ. ಅದರಲ್ಲಿ ಒಬ್ಬರು ಜಾಗ ಬದಲಿಸಿದರೆ ಗೋಡೆಗೂ ಗೊತ್ತಾಗುತ್ತದೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ, ಮನೆಯಲ್ಲಿ ಸಿಗುವವರು ನನ್ನ ಗಂಡ ಕಲ್ಯಾಣಪ್ಪನವರು ಒಬ್ಬರೇ.

ಆಗಿದ್ದು ಇಷ್ಟು. ಗೋದಾವರಿಯ ಮಗಳು ಲಹರಿಗೆ ಇಪ್ಪತ್ತೊಂಬತ್ತು ವರ್ಷ, ಗಚ್ಚಿಬೌಲಿಯ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ಈಸ್ಟರ್ ಆದ ಮೇಲೆ ನಿಶ್ಚಿತಾರ್ಥ ಅಂತ ಮಾತಾಗಿತ್ತು. ಹುಡುಗ ನಿತಿನ, ನಮ್ಮ ಸಭೆಯ ಸಾವಿತ್ರಿಬಾಯಿಯ ಅಣ್ಣನ ಮಗ. ಲಹರಿಗೆ ಹನ್ನೊಂದನೇ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಆರು ವರ್ಷದಿಂದ ಒಮ್ಮೆಯೂ ಬಂದಿಲ್ಲ, ಗುಳಿಗೆ ಮಾತ್ರ ನಡೆದಿದೆ. ಇದು ಹೊರಗಿನವರಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಹೋದ ತಿಂಗಳು ಗೋದಾವರಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. "ಹುಡುಗಗ ಹ್ಯಾಂಗ ಹೇಳೋದು ಸುವರ್ಣಾ? ನನಗಂತೂ ತಿಳೀವಲ್ದು. ಪ್ರಾರ್ಥನಾ ಮಾಡು" ಅಂದಳು. ಮಾಡು ಅಂದವಳು ಅವಳೇ. ಮಾಡಿದೆ.

ಹೋದ ಶುಕ್ರವಾರ ಹೆಂಗಸರ ಪ್ರಾರ್ಥನಾ ಕೂಟ ಸಾವಿತ್ರಿಬಾಯಿಯ ಮನೆಯಲ್ಲಿತ್ತು. ನೆಗಡಿ ಅಂತ ಗೋದಾವರಿ ಬಂದಿರಲಿಲ್ಲ. ಕೂಟ ನಡೆಸುವವಳು ನಾನು, ಹದಿನಾರು ವರ್ಷದಿಂದ. ಎಲ್ಲರ ಕಷ್ಟಗಳನ್ನು ಕೇಳಿಕೊಂಡು, ಕೊನೆಗೆ ಎಲ್ಲರ ಪರವಾಗಿ ನಾನೇ ಪ್ರಾರ್ಥಿಸುವುದು ನಮ್ಮಲ್ಲಿ ರೂಢಿ. "ಕರ್ತನೇ, ನಮ್ಮ ಲಹರಿಗೆ ಹನ್ನೊಂದನೇ ವಯಸ್ಸಿನಿಂದ ಇರುವ ಮೂರ್ಛೆರೋಗವನ್ನು ಬೇರುಸಹಿತ ಕಿತ್ತುಹಾಕು" ಎಂದು ಬೇಡಿಕೊಂಡೆ. ಎಲ್ಲರೂ ಆಮೆನ್ ಅಂದರು. ಸಾವಿತ್ರಿಬಾಯಿ ಎಲ್ಲರಿಗಿಂತ ಜೋರಾಗಿ ಅಂದಳು. ಭಾನುವಾರ ಬೆಳಿಗ್ಗೆ ಹುಡುಗನ ಮನೆಯಿಂದ ಗೋದಾವರಿಗೆ ಫೋನು, ಸದ್ಯಕ್ಕೆ ಬೇಡ ಅಂತ.

ಇದರಲ್ಲಿ ನನ್ನ ತಪ್ಪೇನು? ನಾನು ದೇವರ ಹತ್ತಿರ ಮಾತಾಡುತ್ತಿದ್ದೆ. ನಡುವೆ ಸಾವಿತ್ರಿಬಾಯಿ ಕೇಳಿಸಿಕೊಂಡರೆ ನಾನೇನು ಮಾಡಲಿ?

ಇದನ್ನೇ ಇವರಿಗೂ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಲಹರಿಗೆ ಎಷ್ಟನೇ ವಯಸ್ಸಿನಿಂದ ಐತಿ ಅನ್ನೋದು ದೇವರಿಗೆ ಗೊತ್ತಿರಲಿಲ್ಲೇನು?" ಅಂದರು. ಎದ್ದು ಬಂದೆ. ಇಡೀ ದಿನ ಮಾತಾಡದ ಮನುಷ್ಯ, ಮಾತಾಡಿದರೆ ಇಂಥದ್ದೇ.

ಮಾರ್ಚ್ 7, ಶುಕ್ರವಾರ

ಕೂಟ ಇವತ್ತು ನಮ್ಮ ಮನೆಯಲ್ಲಿತ್ತು. ಗೋದಾವರಿ ಬರಲಿಲ್ಲ, ಬರುತ್ತಾಳೆ ಅಂದುಕೊಂಡೂ ಇರಲಿಲ್ಲ. ಉಪ್ಪಿಟ್ಟು ಮಾಡಿದ್ದೆ, ಚೆನ್ನಾಗಿತ್ತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಆಮೇಲೆ ಎಂದಿನಂತೆ ಕೇಳಿದೆ, ಯಾರಿಗೆ ಏನು ಪ್ರಾರ್ಥನೆ ಬೇಕು ಹೇಳಿರಿ ಅಂತ.

"ಮಂಡಿ ನೋವು ಅಕ್ಕಾರ" ಅಂದಳು ಒಬ್ಬಳು. ಪಕ್ಕದವಳಿಗೂ ಮಂಡಿ ನೋವು. ಅವಳ ಪಕ್ಕದವಳದು ಎಡಗಡೆಯ ಮಂಡಿ. ಒಂಬತ್ತು ಹೆಂಗಸರು, ಒಂಬತ್ತು ಜನಕ್ಕೂ ಮಂಡಿ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಪೂರ್ವಿ, ಮದುವೆಯಾಗಿ ಎರಡು ವರ್ಷ, ಮೆಟ್ಟಿಲು ಎರಡೆರಡು ಹಾರಿಕೊಂಡು ಬರುವವಳು. ಅವಳು ಕೂಡ "ನನಗೂ ಸ್ವಲ್ಪ ಮಂಡೀನ ಆಂಟಿ" ಅಂದಳು. ಹೋದ ವಾರದವರೆಗೆ ಇವರ ಗಂಡಂದಿರ ಕುಡಿತ, ಅತ್ತೆಯರ ಕಾಟ, ಮಕ್ಕಳ ಮಾರ್ಕ್ಸು, ಎಲ್ಲವೂ ನನ್ನ ಮುಂದೆ ಬಂದು ಬೀಳುತ್ತಿತ್ತು.

ಮಂಡಿಗಳಿಗಾಗಿ ಪ್ರಾರ್ಥಿಸಿದೆ. ಎರಡು ನಿಮಿಷದಲ್ಲಿ ಮುಗಿಯಿತು.

ಮಾರ್ಚ್ 12, ಬುಧವಾರ

ಈಸ್ಟರ್‌ವರೆಗಿನ ನಲವತ್ತು ದಿನದ ಲೆಂಟ್ ಉಪವಾಸಕ್ಕೆ ಮಾಂಸ ಬಿಟ್ಟಿದ್ದೇವೆ. ಈ ಸಲ ರಂಜಾನ್ ಕೂಡ ಇದೇ ತಿಂಗಳು. ಹಿಮಾಯತ್‌ನಗರದ ಬೀದಿಗೆ ಇಳಿದರೆ ಸಾಕು, ಮಟನ್ ಹಲೀಮಿನ ವಾಸನೆ ಸೆರಗು ಹಿಡಿದು ಎಳೆಯುತ್ತದೆ. ಸಂಜೆ ಇವರು ಹಾಲು ತರಲು ಹೋಗಿ ಮುಕ್ಕಾಲು ಗಂಟೆ ಆದರೂ ಬರಲಿಲ್ಲ. ಹೋಟೆಲಿನ ಎದುರಿಗೆ ನಿಂತು ಸುಮ್ಮನೆ ನೋಡುತ್ತಿದ್ದರಂತೆ. "ನೋಡಿದರ ಪಾಪ ಇಲ್ಲಲ್ಲ?" ಅಂದರು. ನಗು ಬಂತು.

ಹಣ್ಣಿನ ಗಾಡಿಯ ಹತ್ತಿರ ಗೋದಾವರಿ ಕಂಡಳು. ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ಮೂವತ್ತು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ದನಿ, ಇಡೀ ಬೀದಿಗೆ ಕೇಳುತ್ತದೆ. ನನ್ನನ್ನು ಕಂಡು ದನಿ ನಿಂತಿತು. ಹಣ್ಣು ತೆಗೆದುಕೊಳ್ಳದೇ ಹೋದಳು.

ಮಾರ್ಚ್ 16, ಭಾನುವಾರ

ನಾನೇ ಸೋಲಬೇಕು ಅಂತ ತೀರ್ಮಾನಿಸಿದೆ. ದೊಡ್ಡವಳು ನಾನು, ಎರಡು ವರ್ಷಕ್ಕಾದರೂ. ಬೆಟಗೇರಿಯಿಂದ ತಮ್ಮ ತಂದಿದ್ದ ಕರದಂಟು ಡಬ್ಬಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಳು.

"ನಿನಗ ಬ್ಯಾಸರಾಗಿದ್ದರ ಕ್ಷಮಾ ಮಾಡು ಗೋದಾವರಿ" ಅಂದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ಅದು, ಚೆನ್ನಾಗಿಯೇ ಬಂತು.

"ಆಗಿದ್ದರ?" ಅಂದಳು. "ಆಗೇತೋ ಇಲ್ಲೋ ಅಂತ ಇನ್ನೂ ಸಂಶಯ ಐತೇನು ನಿನಗ?"

"ನಾ ಅಕಿ ಚಲೋದಕ್ಕ ಪ್ರಾರ್ಥನಾ ಮಾಡಿದ್ದು."

"ನಾ ನಿನಗ ಹೇಳಿದ್ದು, ಸುವರ್ಣಾ. ಕೂಟಕ್ಕ ಹೇಳಿದ್ದಿಲ್ಲ." ಅಷ್ಟು ಹೇಳಿ ಬಾಗಿಲು ಹಾಕಿದಳು. ಜೋರಾಗಿಯೂ ಹಾಕಲಿಲ್ಲ, ಮೆತ್ತಗೆ ಹಾಕಿದಳು. ಅದೇ ಹೆಚ್ಚು ಚುಚ್ಚಿತು.

ಡಬ್ಬಿ ವಾಪಸ್ ತಂದೆ. ಇವರು ಏನೂ ಕೇಳದೆ ಮೂರು ತುಂಡು ತಿಂದರು. ಕ್ಷಮೆ ಕೇಳಲು ಹೋದವಳನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸುವುದು ಯಾವ ಕ್ರೈಸ್ತ ಧರ್ಮ? ನನ್ನ ಕರ್ತವ್ಯ ನಾನು ಮಾಡಿದ್ದೇನೆ. ಮುಗಿಯಿತು.

ಮಾರ್ಚ್ 21, ಶುಕ್ರವಾರ

ಮುಗಿದಿಲ್ಲ.

ಇವತ್ತಿನ ಕೂಟದಲ್ಲಿ ಗಂಟಲು ಕಟ್ಟಿದೆ ಎಂದು ನೆಪ ಹೇಳಿ ಪ್ರಾರ್ಥನೆಯನ್ನು ಪೂರ್ವಿಗೆ ಬಿಟ್ಟುಕೊಟ್ಟೆ. ಪಾಪ, ತಡವರಿಸುತ್ತ ಮಾಡಿದಳು. ನಡುವೆ "ಕರ್ತನೇ, ನಮ್ಮ ಅತ್ತಿಯವರಿಗೆ ಒಳ್ಳೆ ಬುದ್ಧಿ ಕೊಡ್ರಿ" ಅಂದು, ಒಂದು ಕಣ್ಣು ಸ್ವಲ್ಪ ತೆರೆದು, ನಾವು ಹೇಗೆ ಕೇಳಿಸಿಕೊಂಡೆವು ಅಂತ ನೋಡಿದಳು. ನನ್ನ ಕಣ್ಣಿಗೆ ಬಿದ್ದಳು. ಕೆಂಪಾಗಿ ಕಣ್ಣು ಮುಚ್ಚಿಕೊಂಡಳು.

ಅವಳು ನನ್ನ ಕಣ್ಣಿಗೆ ಬಿದ್ದಳೆಂದರೆ ನನ್ನ ಕಣ್ಣೂ ತೆರೆದಿತ್ತು.

ಆ ಶುಕ್ರವಾರವೂ ತೆರೆದಿತ್ತು. ಇದನ್ನು ಬರೆಯಲು ಎರಡು ಸಲ ಎದ್ದು ನೀರು ಕುಡಿದು ಬಂದೆ. ಲಹರಿಯ ಹೆಸರು ಎತ್ತುವ ಮೊದಲು ನಾನು ಸಾವಿತ್ರಿಬಾಯಿಯನ್ನು ನೋಡಿದೆ. ಹೇಳಿದ ಮೇಲೂ ನೋಡಿದೆ. ಅವಳ ಬಾಯಿ ತೆರೆದುಕೊಂಡಿತ್ತು. ನನಗೆ ಹಿತವಾಯಿತು. ಸುಳ್ಳು ಯಾಕೆ ಬರೆಯಲಿ, ಹಿತವಾಯಿತು.

ಅದಕ್ಕೆ ಎರಡು ದಿನ ಮೊದಲು ಗೋದಾವರಿಯೂ ಸಾವಿತ್ರಿಬಾಯಿಯೂ ನಿಶ್ಚಿತಾರ್ಥದ ಸೀರೆ ತರಲು ಹೋಗಿದ್ದರು, ಅಲ್ಲಿಂದ ಬೇಗಂ ಬಜಾರಿಗೂ ಹೋಗಿ ಪಾತ್ರೆ ನೋಡಿ ಬಂದಿದ್ದರು. ನನ್ನನ್ನು ಕರೆಯಲಿಲ್ಲ. ಕೂಟದಲ್ಲಿ ಸಾವಿತ್ರಿಬಾಯಿ ಎಲ್ಲರೆದುರು, "ಗೋದಾವರಿಬಾಯಿ ನನಗ ಕೇಳದ ಒಂದು ಚಮಚಾನೂ ತಗೋಳೂದಿಲ್ಲ ಈಗ" ಅಂದಳು. ಗೋದಾವರಿಯ ಮನೆಯೊಳಗಿನದು ನನಗೆ ಎಷ್ಟು ಗೊತ್ತಿದೆ, ನಿನಗೆ ಎಷ್ಟು ಗೊತ್ತಿದೆ ಅಂತ ತೋರಿಸಬೇಕು ಅನಿಸಿತು. ತೋರಿಸಿದೆ. ಆಮೆನ್ ಅನ್ನಿಸಿದೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ಈದ್. ಎದುರು ಮನೆಯಿಂದ ಬೇವು-ಬೆಲ್ಲದ ಪಚ್ಚಡಿ ಬಂತು, ಕೆಳಗಿನ ಮನೆಯಿಂದ ಡಬ್ಬಿ ತುಂಬ ಶಾವಿಗೆಯ ಶೀರ್ ಖುರ್ಮಾ. ನಮ್ಮ ಕಟ್ಟಡದಲ್ಲಿ ಉಪವಾಸ ಮಾಡುತ್ತಿರುವವರು ಈಗ ನಾವಿಬ್ಬರೇ. ಪ್ರತಿ ವರ್ಷ ಈ ಡಬ್ಬಿಯಲ್ಲಿ ಅರ್ಧ ಗೋದಾವರಿಗೆ ಹೋಗುತ್ತಿತ್ತು. ಈ ವರ್ಷ ಪೂರ್ತಿ ಉಳಿದಿದೆ. ಅವಳಿಲ್ಲದೆ ನನಗೆ ಬೇಸರವಾಗುತ್ತಿದೆ.

ಏಪ್ರಿಲ್ 6, ಭಾನುವಾರ

ಕರ್ತನ ಭೋಜನದ ಭಾನುವಾರ. ನಾಲ್ಕು ಗಂಟೆಗೆ, ಅದೇ ಚರ್ಚು ಬಳಸುವ ತೆಲುಗು ಸಭೆಯವರು ಜಾಗ ಬಿಟ್ಟುಕೊಟ್ಟರು, ನಾವು ಒಳಗೆ ಹೋದೆವು. ಪಾಸ್ಟರ್ ಚೇತನಕುಮಾರ ರೊಟ್ಟಿ ಎತ್ತುವ ಮೊದಲು, ನೆರೆಯವರೊಂದಿಗೆ ಸಮಾಧಾನದಲ್ಲಿರುವವರು ಅದನ್ನು ತೆಗೆದುಕೊಳ್ಳಲು ಮುಂದೆ ಬನ್ನಿರಿ ಎಂದು ಕರೆದರು. ಹುಟ್ಟಿದಾಗಿನಿಂದ ಕೇಳಿದ ಕರೆ. ಇವರು ಎದ್ದರು. ನಾನು ಏಳಲಿಲ್ಲ. ನನ್ನನ್ನು ದಾಟಿ ಹೋಗುವವರು ಒಬ್ಬೊಬ್ಬರೂ ತಿರುಗಿ ನೋಡಿದರು.

ಬಾಗಿಲಲ್ಲಿ ಪಾಸ್ಟರ್ ಕೇಳಿದರು, "ಆರಾಮ ಅದೀರಿಲ್ಲೋ ಟೀಚರ?" ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತ ಮಗು ಈ ಪಾಸ್ಟರ್. ಒಮ್ಮೆ ಸುಳ್ಳು ಹೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಮಂಡಿ ನೋವು ಅಂದೆ.

ಏಪ್ರಿಲ್ 9, ಬುಧವಾರ

ಮೆಟ್ರೋದಲ್ಲಿ ರಾಯದುರ್ಗದವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಲಹರಿಯ ಲೈಬ್ರರಿಗೆ ಹೋದೆ. ಮೊದಲೇ ತಿಳಿಸಿದರೆ ಬೇಡ ಅನ್ನುತ್ತಾಳೆಂದು ಫೋನ್ ಮಾಡಲಿಲ್ಲ. ಬಿಸಿಲೆಂದರೆ ಬಿಸಿಲು. ನನ್ನ ಮುಖ ನೋಡಿ ಅವಳು ಮೊದಲು ನೀರಿನ ಬಾಟಲಿ ಕೊಟ್ಟಳು. ಹೊರಗೆ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು.

"ಲಹರಿ, ಅವತ್ತು ನಾ ಪ್ರಾರ್ಥನಾ ಮಾಡಲಿಲ್ಲ. ಸುದ್ದಿ ಹೇಳಿದೆ. ಸಾವಿತ್ರಿಬಾಯಿ ಕೇಳಲಿ ಅಂತನ ಹೇಳಿದೆ" ಅಂದೆ. ಈ ಮಾತನ್ನು ದಾರಿಯಲ್ಲಿ ಹೇಳಿಕೊಂಡು ಬಂದಿರಲಿಲ್ಲ. ಸೀರೆಯ ವಿಷಯವನ್ನೂ ಹೇಳಿದೆ. ಹೇಳುವಾಗ ಎಷ್ಟು ಸಣ್ಣ ಮಾತು ಅದು ಅನಿಸಿ ನಾಚಿಕೆಯಾಯಿತು.

ಅವಳು ಬಾಟಲಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು.

"ನಾನ ಹೇಳಾಕಿದ್ದೆ ಮೌಶಿ. ಆ ಭಾನುವಾರ ಸಂಜಿಗೆ ನಿತಿನಗ ನಾನ ಹೇಳಾಕಿದ್ದೆ. ಹ್ಯಾಂಗ ಸುರು ಮಾಡ್ಲಿ ಅಂತ ಕನ್ನಡಿ ಮುಂದ ನಿಂತು ನಾಕ ದಿನ ತಯಾರಿ ಮಾಡಿದ್ದೆ. ಅವ ಕೇಳಿ ಬ್ಯಾಡ ಅಂದಿದ್ದರ ನಾ ಅತ್ತು ಸುಮ್ಮನಾಗ್ತಿದ್ದೆ. ನನ್ನ ಮಾತು ನನ್ನ ಬಾಯಿಂದ ಹೋಗೇತಿ ಅನ್ನೋ ಸಮಾಧಾನರ ಇರ್ತಿತ್ತು. ಅದನ್ನೂ ನೀವು ನನಗ ಬಿಡಲಿಲ್ಲ."

ನಾನು ಮದುವೆ ಮುರಿದೆ ಅಂದುಕೊಂಡಿದ್ದೆ. ಅವಳಿಗೆ ನೋವಾಗಿದ್ದೇ ಬೇರೆ. ತಿಂಗಳಿಡೀ ಅದು ನನಗೆ ಹೊಳೆದಿರಲಿಲ್ಲ.

"ನಾ ಈಗ ಏನ ಮಾಡ್ಲಿ?" ಅಂದೆ.

"ಎಲ್ಲಿ ಹೇಳಿದ್ರಿ, ಅಲ್ಲೇ ಹೇಳ್ರಿ. ನನ್ನ ಬಗ್ಗೆ ಒಂದು ಶಬ್ದಾನೂ ಬ್ಯಾಡ. ನಿಮ್ಮ ಬಗ್ಗೆ ಹೇಳ್ರಿ." ಅಷ್ಟು ಹೇಳಿ ಎದ್ದಳು. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ನನಗೆ ಆಟೋ ಬುಕ್ ಮಾಡಿ ಕೊಟ್ಟಳು. ಸಿಟ್ಟು ಇಳಿದಿರಲಿಲ್ಲ, ಮುಖ ಗಂಟಾಗಿಯೇ ಇತ್ತು. ಗೋದಾವರಿ ಮಗಳನ್ನು ಚೆನ್ನಾಗಿ ಬೆಳೆಸಿದ್ದಾಳೆ.

ಏಪ್ರಿಲ್ 11, ಶುಕ್ರವಾರ

ಕೂಟ ಮತ್ತೆ ಸಾವಿತ್ರಿಬಾಯಿಯ ಮನೆಯಲ್ಲಿತ್ತು. ಹಾಡು ಮುಗಿದ ಮೇಲೆ ಎದ್ದು ನಿಂತೆ. ಎಲ್ಲರೂ ರೂಢಿಯಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದರು.

"ಕಣ್ಣ ತೆರೀರಿ, ಇದು ಪ್ರಾರ್ಥನಾ ಅಲ್ಲ" ಅಂದೆ. "ಇದೇ ಖೋಲಿಯೊಳಗ ನಾ ದೇವರ ಹೆಸರ ತಗೊಂಡು ಒಂದು ಮನಿಯ ಗುಟ್ಟು ಬಿಟ್ಟುಕೊಟ್ಟೆ. ಬಾಯಿ ತಪ್ಪಿ ಬಂದದ್ದಲ್ಲ. ಹೊಟ್ಟಿಕಿಚ್ಚಿಗೆ ಮಾಡಿದೆ. ನಾ ಕೂಟಾ ನಡಸಾಕ ಲಾಯಕ್ಕಿಲ್ಲ, ಇನ್ನ ಮುಂದ ಬ್ಯಾರೆದವರು ನಡಸ್ರಿ."

ಯಾರೋ ಅಭ್ಯಾಸಬಲದಿಂದ ಆಮೆನ್ ಅಂದುಬಿಟ್ಟರು. ಇಬ್ಬರು ಕಿಸಕ್ಕೆಂದರು. ನನಗೂ ನಗು ಬಂತು, ಜೊತೆಗೇ ಅಳುವೂ ಬಂತು. ಸೆರಗು ಮುಖಕ್ಕೆ ಒತ್ತಿಕೊಂಡು ಕೂತೆ.

ಸಾವಿತ್ರಿಬಾಯಿ ನನ್ನತ್ತ ನೋಡದೆ ನೆಲ ನೋಡುತ್ತ ಹೇಳಿದಳು, "ನೀವು ಹೇಳಿದ್ರಿ ಅಕ್ಕಾರ, ಮುಟ್ಟಿಸಿದಾಕಿ ನಾನ. ಆಮೆನ್ ಅಂದು ಸೀದಾ ಅಡಗಿಮನಿಗೆ ಹೋಗಿ ಅಣ್ಣಗ ಫೋನ್ ಹಚ್ಚಿದೆ. ನಿಮಗ ಚಹಾ ತರಾಕ ಹೋಗ್ಯಾಳ ಅಂತ ನೀವೆಲ್ಲಾ ತಿಳಕೊಂಡಿದ್ರಿ."

ಆಮೇಲೆ ಪೂರ್ವಿ ಪ್ರಾರ್ಥಿಸಿದಳು, ಯಾರ ಹೆಸರೂ ಎತ್ತಲಿಲ್ಲ. ನಾನು ಕಣ್ಣು ಮುಚ್ಚಿದ್ದೆ. ಮನೆಗೆ ಬಂದು ತುಂಬ ಹಸಿವಾಗಿ ಮೂರು ರೊಟ್ಟಿ ತಿಂದೆ.

ಏಪ್ರಿಲ್ 17, ಗುರುವಾರ

ಶುಭ ಶುಕ್ರವಾರದ ಹಿಂದಿನ ಸಂಜೆಯ ಕರ್ತನ ಭೋಜನ. ಸಾವಿತ್ರಿಬಾಯಿ ಸೋಮವಾರ ಗೋದಾವರಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳಂತೆ, ಕೂಟದಲ್ಲಿ ನಾನು ಅಂದದ್ದನ್ನೂ. ಪೂರ್ವಿ ಈ ಸುದ್ದಿ ತಂದಿದ್ದಳು. ಗೋದಾವರಿಯಿಂದ ಫೋನೇನೂ ಬರಲಿಲ್ಲ. ನಾನೂ ಮಾಡಲಿಲ್ಲ. ಅವಳಾಗಿ ಬಂದರೆ ಬರಲಿ, ಬಾರದಿದ್ದರೆ ಅದೂ ಅವಳ ಹಕ್ಕು.

ಪಾಸ್ಟರ್ ಕರೆದರು. ಜನ ಎದ್ದರು. ನಾನು ಕೂತೇ ಇದ್ದೆ. ಯಾರೋ ಹಿಂದಿನಿಂದ ಭುಜಕ್ಕೆ ಬೆರಳಿನಿಂದ ತಿವಿದರು. ಇಂಜೆಕ್ಷನ್ ಚುಚ್ಚಿ ಚುಚ್ಚಿ ಪಳಗಿದ ಕೈ, ತಿರುಗದೆಯೇ ಗೊತ್ತಾಯಿತು.

"ಏಳು" ಅಂದಳು ಗೋದಾವರಿ.

"ನೀ ಕ್ಷಮಾ ಮಾಡೀಯೇನು?"

"ಅರ್ಧಾ ಮಾಡೇನಿ. ಉಳಿದದ್ದು ಇನ್ನೂ ಆಗವಲ್ದು, ಆದಾಗ ಹೇಳ್ತೀನಿ. ಏಳು ಮೊದಲ, ಮಂದಿ ನಿಂತಾರ ಹಿಂದ. ಮಂಡಿ ನೋವು ಅಂತ ಸುಳ್ಳ ಹೇಳಬ್ಯಾಡ."

ಪಕ್ಕಪಕ್ಕದಲ್ಲಿ ಮೊಣಕಾಲೂರಿದೆವು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅವಳು ಸರಿಸಿಕೊಳ್ಳಲಿಲ್ಲ. ರೊಟ್ಟಿ ಬಾಯಿಗೆ ಹಾಕಿಕೊಂಡೆ. ಇಂಥ ಸಂತೋಷವನ್ನು ನಾನು ಈ ವಯಸ್ಸಿನಲ್ಲಿ ನಿರೀಕ್ಷಿಸಿರಲಿಲ್ಲ.

ಏಪ್ರಿಲ್ 20, ಈಸ್ಟರ್

ಸೂರ್ಯ ಹುಟ್ಟುವ ಹೊತ್ತಿಗೆ ಚರ್ಚಿನ ಅಂಗಳದಲ್ಲಿ ಆರಾಧನೆ, ತೆಲುಗಿನವರೂ ನಾವೂ ಕೂಡಿ, ಎರಡು ಭಾಷೆಯಲ್ಲಿ ಒಂದೇ ರಾಗ. ಮಧ್ಯಾಹ್ನ ಮಟನ್. ನಲವತ್ತು ದಿನ ಕಾದ ಮನುಷ್ಯ ಇವರು, ಊಟ ಮುಗಿಯುವವರೆಗೆ ಒಂದು ಮಾತಾಡಲಿಲ್ಲ.

ಅಂಗಳದಲ್ಲಿ ಲಹರಿ ಸಿಕ್ಕಿ "ಹ್ಯಾಪಿ ಈಸ್ಟರ್ ಮೌಶಿ" ಅಂದಳು. ನಿತಿನ ತಾನಾಗಿ ಫೋನ್ ಮಾಡಿದ್ದನಂತೆ. "ಏನಂತ ಕೇಳ್ರಿ" ಅಂದಳು, ನನ್ನನ್ನು ಪರೀಕ್ಷೆ ಮಾಡುವವಳ ಹಾಗೆ. "ನೀ ಹೇಳಬೇಕನಿಸಿದಾಗ ಹೇಳವಾ" ಅಂದು ಅವಳ ಕೈಗೆ ಕೇಕು ಕೊಟ್ಟೆ. ನಕ್ಕಳು.

ಮೇ 2, ಶುಕ್ರವಾರ

ಕೂಟ ಪೂರ್ವಿ ನಡೆಸಿದಳು. ನಾನು ಬಾಗಿಲ ಹತ್ತಿರ ಕೂತು ಹಾಡಿದೆ. ಹಿಂದೆ ಕೂತರೆ ಗಾಳಿ ಚೆನ್ನಾಗಿ ಬರುತ್ತದೆ, ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮೇ 6, ಮಂಗಳವಾರ

ಹನ್ನೊಂದು ಗಂಟೆಗೆ ಗೋದಾವರಿ ಬಂದಳು. ಇವರಿಗೆ ನಮಸ್ಕಾರ ಹೇಳಿ ನೇರ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಸ್ಟೂಲು ಎಳೆದುಕೊಂಡು ಕೂತಳು. ನಾನು ಚಹಾಕ್ಕೆ ಇಟ್ಟೆ. ಅವಳು ಒಂದು ಮಾತು ಹೇಳಿದಳು. ಹೇಳುವಾಗ ಅತ್ತಳು, ನಡುವೆ ಒಮ್ಮೆ ನಕ್ಕಳು. "ಪ್ರಾರ್ಥನಾ ಮಾಡು" ಅಂದಳು. ಹ್ಞೂಂ ಅಂದೆ.

ಅವಳು ಹೋದ ಮೇಲೆ ಇವರು ಕೇಳಿದರು, "ಏನಂತ ಗೋದಾವರಿಬಾಯೀದು?"

"ಅಕಿ ಮಾತದು. ಬೇಕಿದ್ದರ ಅಕೀನ್ನ ಕೇಳ್ರಿ" ಅಂದೆ. ಇವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಯಾಕೆ ಹಾಗೆ ನೋಡಿದರೋ ಗೊತ್ತಾಗಲಿಲ್ಲ.

ಇವತ್ತಿಗೆ ಬರೆಯುವುದು ಇಷ್ಟೇ. ಗೋದಾವರಿ ಬಂದಿದ್ದಳು, ಎರಡು ಸಲ ಚಹಾ ಕುಡಿದಳು.